ಅಪ್ಪನ ಕಾಲದ 2 ಎಚ್‌ಪಿ ಕಂಪ್ರೆಸರ್: ಟ್ಯಾಂಕ್ ತುಂಬಲು 26 ನಿಮಿಷ, ರಿಪೇರಿ ಮಾಡಲೇ?

ಕಲ್ಪತರು_ತೋಟ (ತಿಪಟೂರು) · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಹಳೇ ಏರ್ ಕಂಪ್ರೆಸರ್ ಇದೆ. ಎರಡು ಸಿಲಿಂಡರ್, ಬೆಲ್ಟ್ ಮಾದರಿ, 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್, 160 ಲೀಟರ್ ಟ್ಯಾಂಕ್. ಬಿ.ಎಚ್. ರಸ್ತೆಯಲ್ಲಿ ಅಪ್ಪ ಪಂಕ್ಚರ್ ಅಂಗಡಿ ನಡೆಸುತ್ತಿದ್ದಾಗ ತಂದದ್ದು. ಅಂಗಡಿ ಮುಚ್ಚಿ ಹನ್ನೊಂದು ವರ್ಷ ಆಯ್ತು. ಈಗ ಅದು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿದೆ. ಟ್ರ್ಯಾಕ್ಟರ್ ಟೈರಿಗೆ ಗಾಳಿ, ಏರ್ ಫಿಲ್ಟರ್ ಊದುವುದು, ವರ್ಷಕ್ಕೊಮ್ಮೆ ಗೇಟಿಗೆ ಪೇಂಟ್. ಇಷ್ಟೇ ಕೆಲಸ.

ಮೊದಲು ಖಾಲಿ ಟ್ಯಾಂಕಿಗೆ 8 ಕೆಜಿ ಪ್ರೆಷರ್ (ಚದರ ಸೆಂಟಿಮೀಟರಿಗೆ 8 ಕೆಜಿ) ತುಂಬಲು ಎಂಟು ನಿಮಿಷ ಸಾಕಿತ್ತು. ಈಗ 26 ನಿಮಿಷ ಬೇಕು. ಗಾಳಿಯಲ್ಲಿ ಎಣ್ಣೆ ವಾಸನೆ ಬರುತ್ತೆ. ಟ್ಯಾಂಕಿನಲ್ಲಿ ಸ್ವಲ್ಪ ಪ್ರೆಷರ್ ಇದ್ದಾಗ ಸ್ವಿಚ್ ಹಾಕಿದರೆ ಮೋಟರ್ ಗೂಂಯ್ ಅಂತ ಗೂರುತ್ತೆ, ತಿರುಗಲ್ಲ. ಬೆಲ್ಟನ್ನು ಕೈಯಲ್ಲಿ ಎಳೆದುಕೊಟ್ಟರೆ ಮಾತ್ರ ಓಡುತ್ತೆ. ಮೋಟರ್ ನಿಂತ ಮೇಲೂ ಪ್ರೆಷರ್ ಸ್ವಿಚ್ ಕೆಳಗಿನಿಂದ ಸುಯ್ ಅಂತ ಗಾಳಿ ಹೋಗುತ್ತಲೇ ಇರುತ್ತೆ.

ಸ್ವಿಚ್ ಹಾಳಾಗಿದೆ ಅಂತ ಒಬ್ಬರು ಹೇಳಿದರು. ಹೊಸದು ಹಾಕಿಸಿದೆ. ಅದರಲ್ಲೂ ಅದೇ ಸುಯ್. ಇನ್ನೊಬ್ಬರು ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂದರು. ನನಗೆ ಮನಸ್ಸಾಗುತ್ತಿಲ್ಲ. ಇದರ ಶಬ್ದ ಕೇಳುತ್ತಾ ಬೆಳೆದವನು ನಾನು. ಯಾವ ಭಾಗ ಬದಲಿಸಬೇಕು, ಹೇಗೆ ಕಂಡುಹಿಡಿಯಬೇಕು, ದಯವಿಟ್ಟು ತಿಳಿಸಿ.

ಹುಬ್ಬಳ್ಳಿ_ಫಿಟ್ಟರ್ · ಶನಿವಾರ ರಾತ್ರಿ 10:25

ಅಣ್ಣಾ, ನಿಮ್ಮ ಹಳೇ ಸ್ವಿಚ್ ಎಸೆಯಬೇಡಿ. ಅದು ಸರಿಯೇ ಇತ್ತು.

ಆ ಸುಯ್ ಶಬ್ದದ ಕಥೆ ಹೇಳ್ತೀನಿ. ಮೋಟರ್ ನಿಂತಾಗ ಹೆಡ್‌ನಿಂದ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದಿಂದ, ಟ್ಯಾಂಕಿಗೆ ಹೋಗುವ ಪೈಪಿನಲ್ಲಿ ಗಾಳಿ ಉಳಿದಿರುತ್ತೆ. ಅದನ್ನು ಹೊರಗೆ ಬಿಡಲು ಪ್ರೆಷರ್ ಸ್ವಿಚ್‌ಗೆ ಅಂಟಿಕೊಂಡಂತೆ ಒಂದು ಚಿಕ್ಕ ವಾಲ್ವ್ ಇದೆ. ಅದಕ್ಕೆ ಅನ್‌ಲೋಡರ್ ಅಂತೀವಿ. ಎರಡು ಮೂರು ಸೆಕೆಂಡು ಪುಸ್ ಅಂದು ನಿಲ್ಲಬೇಕು. ನಿಲ್ಲದೆ ಹೋಗುತ್ತಲೇ ಇದ್ದರೆ ಆ ಗಾಳಿ ಪೈಪಿನದಲ್ಲ, ಟ್ಯಾಂಕಿನದು. ಟ್ಯಾಂಕಿನ ಬಾಯಲ್ಲಿರುವ ಎನ್‌ಆರ್‌ವಿ, ಅಂದರೆ ಗಾಳಿಯನ್ನು ಒಳಗೆ ಬಿಟ್ಟು ವಾಪಸ್ ಬಿಡದ ವಾಲ್ವ್, ಕೂರುತ್ತಿಲ್ಲ. ಗಾಳಿ ಹಿಂದಕ್ಕೆ ಬಂದು ಸ್ವಿಚ್ ಬಾಯಿಂದ ಹೊರಗೆ ಹೋಗ್ತಾ ಇದೆ. ತಪ್ಪು ಒಂದು ಕಡೆ, ಶಬ್ದ ಇನ್ನೊಂದು ಕಡೆ. ಹತ್ತರಲ್ಲಿ ಎಂಟು ಜನ ಇಲ್ಲೇ ಸ್ವಿಚ್ ಬದಲಿಸಿ ದುಡ್ಡು ಕಳೀತಾರೆ.

ಆದರೆ 26 ನಿಮಿಷಕ್ಕೆ ಅದೊಂದೇ ಕಾರಣ ಅಲ್ಲ. ಬಿಚ್ಚುವ ಮೊದಲು ಇಷ್ಟು ನೋಡಿ ಹೇಳ್ರಿ. ಓಡುವಾಗ ಎರಡೂ ಏರ್ ಫಿಲ್ಟರ್ ಮುಂದೆ ಅಂಗೈ ಹಿಡಿಯಿರಿ. ಬರೀ ಎಳೆಯುತ್ತಾ, ಇಲ್ಲ ವಾಪಸ್ ಉಗುಳುತ್ತಾ? ಕ್ರ್ಯಾಂಕ್ ಕೇಸಿನ (ಪಂಪಿನ ಕೆಳಗಿನ ಎಣ್ಣೆ ಪೆಟ್ಟಿಗೆಯ) ಉಸಿರು ತೂತು, ಅಂದರೆ ಬ್ರೀದರ್‌ನಿಂದ ಎಷ್ಟು ಗಾಳಿ ಬರುತ್ತೆ? ಐದು ನಿಮಿಷ ಓಡಿಸಿ, ನಿಲ್ಲಿಸಿ, ಎರಡೂ ಹೆಡ್ ಮೇಲೆ ಒಂದೊಂದು ಹನಿ ನೀರು ಬಿಡಿ. ಯಾವುದರ ಮೇಲೆ ಬೇಗ ಚುಂಯ್ ಅನ್ನುತ್ತೆ? ಕೊನೆಗೆ ಎಲ್ಲ ಜಾಯಿಂಟಿಗೂ ಸೋಪಿನ ನೀರು.

ವೈಂಡಿಂಗ್_ಗುರು (ಚಿತ್ರದುರ್ಗ) · ಭಾನುವಾರ ಬೆಳಗ್ಗೆ 7:15

ಮೋಟರ್ ಬಗ್ಗೆ ನಾನು ಹೇಳುತ್ತೇನೆ. ಗೂರುವುದಕ್ಕೆ ಮೂರು ಕಾರಣ ಇರಬಹುದು. ಒಂದು, ಮೇಲೆ ಹೇಳಿದ ಹಾಗೆ ಹೆಡ್ ಮೇಲೆ ಗಾಳಿ ಕೂತಿರುವುದು. ಎರಡು, ಸ್ಟಾರ್ಟಿಂಗ್ ಕಂಡೆನ್ಸರ್ ಸೋತಿರುವುದು. ಮೂರು, ವೋಲ್ಟೇಜ್.

ಹಳ್ಳಿ ಲೈನಿನಲ್ಲಿ ಮೂರನೆಯದನ್ನು ಮೊದಲು ನೋಡಿ. ಮೋಟರ್ ಎಳೆಯುವ ಶಕ್ತಿ ವೋಲ್ಟೇಜ್ ಇಳಿದಷ್ಟೇ ಇಳಿಯಲ್ಲ, ಅದಕ್ಕಿಂತ ಜಾಸ್ತಿ ಇಳಿಯುತ್ತೆ. 230 ಬದಲು 180 ಇದ್ದರೆ ಸ್ಟಾರ್ಟ್ ಆಗುವ ಶಕ್ತಿ ನೂರಕ್ಕೆ ಅರವತ್ತು ಮಾತ್ರ ಉಳಿಯುತ್ತೆ. ಅದರ ಮೇಲೆ ಉದ್ದದ ತೆಳು ವೈರ್ ಎಳೆದಿದ್ದರೆ ಇನ್ನೂ ಕಷ್ಟ. ಮೀಟರ್ ಬೋರ್ಡಿನಿಂದ ಶೆಡ್ ದೂರ ಇದ್ದರೆ 4 ಸ್ಕ್ವೇರ್ ಎಂಎಂ ವೈರ್ ಹಾಕಿ. ಗೂರುವಾಗ ಸ್ವಿಚ್ ಹಿಡಿದು ಕಾಯಬೇಡಿ. ಸ್ಟಾರ್ಟಿಂಗ್ ಕಾಯಿಲ್ ಕೆಲವೇ ಸೆಕೆಂಡಿಗೆ ಇರುವುದು. ಅರ್ಧ ನಿಮಿಷ ಗೂರಿದರೆ ಸುಟ್ಟು ನಮ್ಮ ಅಂಗಡಿಗೇ ಬರುತ್ತೆ.

ಬೆಲ್ಟ್ ಕೈಯಲ್ಲಿ ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಬೆಲ್ಟಿಗೂ ಪುಲ್ಲಿಗೂ ಮಧ್ಯೆ ಬೆರಳು ಸಿಕ್ಕವರನ್ನು ಕಣ್ಣಾರೆ ಕಂಡಿದ್ದೇನೆ. ಗಾರ್ಡ್ ಇಲ್ಲದಿದ್ದರೆ ಮೊದಲು ಗಾರ್ಡ್ ಹಾಕಿ, ಉಳಿದದ್ದೆಲ್ಲ ಆಮೇಲೆ.

ಗ್ರಿಲ್_ಹಾಸನ · ಭಾನುವಾರ ಬೆಳಗ್ಗೆ 9:02

ನಂದೂ ಇದೇ ತರದ್ದು. ನಾನು ಮೋಟರ್ ಪುಲ್ಲಿ ದೊಡ್ಡದು ಮಾಡಿಸಿದೆ, ಗಾಳಿ ಜಾಸ್ತಿ ಬರ್ತಿದೆ. ನೀವೂ 5 ಇಂಚು ಇದ್ದರೆ 6 ಇಂಚು ಹಾಕಿ ನೋಡಿ. ಸುಲಭದ ಅಪ್‌ಗ್ರೇಡ್.

ಪೀಣ್ಯ_ನೈಟ್‌ಶಿಫ್ಟ್ · ಭಾನುವಾರ ಬೆಳಗ್ಗೆ 11:30

ಗ್ರಿಲ್ ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ, ಅದು ಬೇಡ. ಲೆಕ್ಕ ನೋಡಿ. ಮೋಟರ್ 1440 ಸುತ್ತು. 5 ಇಂಚು ಪುಲ್ಲಿಯಿಂದ ಪಂಪಿನ ದೊಡ್ಡ ಚಕ್ರ, ಅಂದರೆ 9 ಇಂಚಿನ ಫ್ಲೈವೀಲ್‌ಗೆ ಹೋದರೆ ಪಂಪು ನಿಮಿಷಕ್ಕೆ 800 ಸುತ್ತು. 6 ಇಂಚು ಹಾಕಿದರೆ 960. ಗಾಳಿ ಶೇಕಡಾ 20 ಜಾಸ್ತಿ, ನಿಜ. ಆದರೆ ಅದೇ ಮೋಟರ್ ಮೇಲೆ ಹೊರೆಯೂ ಶೇಕಡಾ 20 ಜಾಸ್ತಿ. 11 ಆಂಪಿಯರ್ ಎಳೆಯುತ್ತಿದ್ದದ್ದು 13 ದಾಟುತ್ತೆ. ಹೆಡ್ ಬಿಸಿ, ವಾಲ್ವ್ ಪತ್ತಿ (ಗಾಳಿ ದಾರಿ ತೆರೆದು ಮುಚ್ಚುವ ತೆಳು ಪಟ್ಟಿ) ಬಡಿತ, ಪಿಸ್ಟನ್ ರಿಂಗಿನ ಸವೆತ, ಎಲ್ಲ ಏರುತ್ತೆ. ಸವೆದ ಪಂಪನ್ನು ಜೋರಾಗಿ ಓಡಿಸಿದರೆ ಸವೆತ ಸರಿ ಹೋಗಲ್ಲ.

ತಿಪಟೂರಿನವರೇ, ಸಿಲಿಂಡರ್ ಅಳತೆ ಗೊತ್ತಾ?

ಕಲ್ಪತರು_ತೋಟ · ಭಾನುವಾರ ಸಂಜೆ 6:50

ಎಲ್ಲರಿಗೂ ಧನ್ಯವಾದ. ಹೇಳಿದ್ದನ್ನೆಲ್ಲ ನೋಡಿದೆ.

ಸಂಜೆ ವೋಲ್ಟೇಜ್ 195, ಬೆಳಗ್ಗೆ 225. ವೈರ್ 1.5 ಸ್ಕ್ವೇರ್, ಉದ್ದ 25 ಮೀಟರ್. ಅದು ನನ್ನ ತಪ್ಪು, ಬದಲಿಸುತ್ತೇನೆ. ಎಡ ಸಿಲಿಂಡರಿನ ಫಿಲ್ಟರ್ ಸರಿಯಾಗಿ ಎಳೆಯುತ್ತೆ. ಬಲದ್ದು ಅಂಗೈಗೆ ಫಟ್ ಫಟ್ ಅಂತ ಉಗುಳುತ್ತೆ, ಎಣ್ಣೆ ತುಂತುರೂ ಬಂತು. ಬಲ ಹೆಡ್ಡೇ ಜಾಸ್ತಿ ಬಿಸಿ. ಬ್ರೀದರ್‌ನಿಂದ ಹೊಗೆ ತರ ಗಾಳಿ ಬರುತ್ತೆ. ಸೋಪಿನ ನೀರು ಹಾಕಿದಾಗ ಗೇಜ್ ಬುಡದಲ್ಲಿ ಗುಳ್ಳೆ ಬಂತು, ಟೆಫ್ಲಾನ್ ಟೇಪ್ ಸುತ್ತಿ ಸರಿ ಮಾಡಿದೆ.

ಪ್ಲೇಟಿನ ಮೇಲೆ ಬೋರ್ (ಸಿಲಿಂಡರಿನ ಒಳ ಅಗಲ) 60, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 50 ಎಂಎಂ ಅಂತ ಬರೆದಿದೆ. ಪುಲ್ಲಿ 5 ಮತ್ತು 9 ಇಂಚೇ.

ಪೀಣ್ಯ_ನೈಟ್‌ಶಿಫ್ಟ್ · ಭಾನುವಾರ ರಾತ್ರಿ 8:10

ಚೆನ್ನಾಗಾಯ್ತು. ಹಾಗಾದರೆ ಒಂದು ಸಿಲಿಂಡರ್ 141 ಸಿಸಿ, ಎರಡೂ ಸೇರಿ 283. ನಿಮಿಷಕ್ಕೆ 800 ಸುತ್ತಿಗೆ 226 ಲೀಟರ್, ಅಂದರೆ 8 ಸಿಎಫ್‌ಎಂ (ನಿಮಿಷಕ್ಕೆ 8 ಘನ ಅಡಿ). ಇದು ಕಾಗದದ ಲೆಕ್ಕ. ಆರೋಗ್ಯವಾಗಿರುವ ಪಂಪು ಇದರಲ್ಲಿ ನೂರಕ್ಕೆ ಎಪ್ಪತ್ತು ಕೊಟ್ಟರೆ ಅದೇ ದೊಡ್ಡದು. ಸುಮಾರು 158 ಲೀಟರ್. ನಿಮ್ಮ ಟ್ಯಾಂಕ್ 160 ಲೀಟರ್, 8 ಕೆಜಿ ತುಂಬಲು ಸುಮಾರು 1,280 ಲೀಟರ್ ಹೊರಗಾಳಿ ಬೇಕು. ಭಾಗಿಸಿದರೆ ಎಂಟು ನಿಮಿಷ. ನಿಮ್ಮ ನೆನಪೂ ಎಂಟೇ. ಗುರಿ ಗೊತ್ತಾಯ್ತಲ್ಲ, ಈಗ ಹೆಡ್ ಬಿಚ್ಚಬಹುದು.

ಹುಬ್ಬಳ್ಳಿ_ಫಿಟ್ಟರ್ · ಭಾನುವಾರ ರಾತ್ರಿ 9:00

ಬಿಚ್ಚುವ ಮೊದಲು ಮೇನ್ ಸ್ವಿಚ್ ಆಫ್. ಕಂಡೆನ್ಸರ್ ಮುಟ್ಟುವುದಿದ್ದರೆ ಬಲ್ಬ್ ಹಾಕಿದ ಬಿಡಿ ಹೋಲ್ಡರಿನ ಎರಡು ವೈರ್ ಅದಕ್ಕೆ ತಾಗಿಸಿ ಅದರ ಕರೆಂಟ್ ಇಳಿಸಿ. ಡ್ರೈನ್ ಕಾಕ್ ಪೂರ್ತಿ ತೆಗೆದು, ಗೇಜ್ ಸೊನ್ನೆಗೆ ಬಂದ ಮೇಲೂ ಐದು ನಿಮಿಷ ತೆಗೆದೇ ಇಡಿ. ಟ್ಯಾಂಕಿನಲ್ಲಿ ಒಂದು ಕೆಜಿ ಇದ್ದರೂ ಎನ್‌ಆರ್‌ವಿ ಬಿಚ್ಚಿದರೆ ಅದು ಗುಂಡಿನ ಹಾಗೆ ಹಾರುತ್ತೆ.

ವಾಲ್ವ್ ಪ್ಲೇಟ್ ತೆಗೆಯುವಾಗ ಯಾವ ಮುಖ ಮೇಲಿತ್ತು, ಪತ್ತಿ ಯಾವ ಕಡೆ ಬಾಗಿತ್ತು, ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ ತೆಗೆಯಿರಿ. ಎಡದ್ದನ್ನು ಬಲಕ್ಕೆ ಹಾಕಬೇಡಿ. ಗ್ಯಾಸ್ಕೆಟ್ ಹರಿದರೂ ಚೂರು ಎಸೆಯಬೇಡಿ, ದಪ್ಪ ಅಳೆಯಲು ಬೇಕು.

ಕಲ್ಪತರು_ತೋಟ · ಬುಧವಾರ ರಾತ್ರಿ 8:30

ಬಿಚ್ಚಿದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಬಲ ಹೆಡ್ ಎತ್ತಿದಾಗ ಸೌದೆ ಒಲೆಯ ಮೇಲೆ ಇಟ್ಟ ಪಾತ್ರೆಯ ತಳ ನೆನಪಾಯ್ತು. ಅಷ್ಟು ಕಪ್ಪು, ಅಷ್ಟು ಗಟ್ಟಿ. ಉಗುರಿನಲ್ಲಿ ಕೆರೆದರೆ ಹಪ್ಪಳದ ಚೂರಿನ ಹಾಗೆ ಏಳುತ್ತಿತ್ತು. ಗಾಳಿ ಎಳೆಯುವ ಕಡೆಯ ಪತ್ತಿಯ ತುದಿಯಲ್ಲಿ ಒಂದು ಮೂಲೆ ಮುರಿದಿದೆ. ಅಕ್ಕಿಕಾಳಿನ ಅರ್ಧದಷ್ಟು ಚೂರು. ಅದು ಪಿಸ್ಟನ್ ತಲೆಯ ಮೇಲೇ ಬಿದ್ದು ಅಲ್ಲಲ್ಲಿ ಚುಚ್ಚಿದ ಗುರುತು ಮಾಡಿದೆ. ಗೋಡೆಗೆ ಗೀಚಿಲ್ಲ, ಅದೊಂದು ಪುಣ್ಯ.

ಎನ್‌ಆರ್‌ವಿ ಬಿಚ್ಚಿದೆ. ಒಳಗಿನ ರಬ್ಬರ್ ಬಿಲ್ಲೆ ಸುಟ್ಟು ಹಲಗೆಯಾಗಿದೆ. ಅದರ ಮೇಲೆ ಉಂಗುರದ ಹಾಗೆ ಒಂದು ಗೆರೆ ಇಳಿದಿದೆ, ಗೆರೆಯ ಒಂದು ಕಡೆ ಕರಿ ಚೂರು ಕೂತಿದೆ. ಹುಬ್ಬಳ್ಳಿ ಅಣ್ಣ ಹೇಳಿದ್ದು ಅಕ್ಷರಶಃ ನಿಜ.

ರಿಂಗನ್ನು ಸಿಲಿಂಡರಿನೊಳಗೆ ಇಟ್ಟು ಬಾಯಿ ಅಂತರ ಅಳೆದೆ. ಬಲದ್ದು 1.4 ಎಂಎಂ, ಎಡದ್ದು 1.1. ಸಿಲಿಂಡರ್ ಮೇಲ್ತುದಿಯಲ್ಲಿ ಬೆರಳಿಗೆ ಏಣು ಸಿಗುತ್ತೆ, ಆದರೆ ಉಗುರು ನಿಲ್ಲುವಷ್ಟಲ್ಲ. ಎಣ್ಣೆ ಕಾಫಿ ಬಣ್ಣ.

ಪೀಣ್ಯ_ನೈಟ್‌ಶಿಫ್ಟ್ · ಗುರುವಾರ ಬೆಳಗ್ಗೆ 6:45

ಈಗ ಎಲ್ಲ ಹೊಂದಿಕೆಯಾಯ್ತು. 60 ಎಂಎಂ ಬೋರಿಗೆ ಹೊಸ ರಿಂಗಿನ ಬಾಯಿ 0.2 ರಿಂದ 0.3 ಎಂಎಂ ಇರಬೇಕು. ನಿಮ್ಮದು ಅದರ ಐದು ಪಟ್ಟು. ಎಣ್ಣೆ ಮೇಲೆ ಬರುವುದು ಅಲ್ಲಿಂದ, ಆ ಎಣ್ಣೆಯೇ ಸುಟ್ಟು ಇದ್ದಿಲಾಗಿದ್ದು, ಆ ಇದ್ದಿಲೇ ಹಾರಿ ಎನ್‌ಆರ್‌ವಿಯಲ್ಲಿ ಕೂತದ್ದು. ಮೂರು ರೋಗ ಅಲ್ಲ, ಒಂದೇ.

ಉಗುರು ನಿಲ್ಲದಿದ್ದರೆ ಬೋರಿಂಗ್, ಅಂದರೆ ಸಿಲಿಂಡರ್ ಕೊರೆದು ಅಗಲ ಮಾಡುವುದು, ಬೇಡ. ಲೇತ್ ಅಂಗಡಿಯಲ್ಲಿ ಲಘುವಾಗಿ ಹೋನಿಂಗ್ (ಕಲ್ಲಿನಿಂದ ಒಳಗೋಡೆ ಉಜ್ಜುವುದು) ಮಾಡಿಸಿ. ಗೋಡೆಯ ಮೇಲೆ ಅಡ್ಡ ಗೆರೆಗಳು ಜಾಲಿ ತರ ಕಾಣಬೇಕು, ಆ ಗೆರೆಯಲ್ಲೇ ಎಣ್ಣೆ ನಿಲ್ಲುವುದು. ಆಮೇಲೆ ಬಿಸಿನೀರು, ಸೋಪು, ಬ್ರಶ್. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಉಳಿಯಬೇಕು. ಉಳಿದ ಮರಳುಪುಡಿ ಹೊಸ ರಿಂಗನ್ನು ತಿಂಗಳಲ್ಲಿ ತಿನ್ನುತ್ತೆ. ತೊಳೆದ ಕೂಡಲೇ ಎಣ್ಣೆ ಸವರಿ, ಇಲ್ಲದಿದ್ದರೆ ಒಂದು ಗಂಟೆಯಲ್ಲೇ ತುಕ್ಕು ಬರುತ್ತೆ.

ಪೆಟ್ರೋಲಿನಲ್ಲಿ ತೊಳೆದು ಹಸಿಯಾಗೇ ಜೋಡಿಸಬೇಡಿ. ಬಿಸಿ ಗಾಳಿ, ಒತ್ತಡ, ಪೆಟ್ರೋಲ್ ಆವಿ ಮೂರೂ ಸೇರಿದರೆ ಒಳಗೇ ಬೆಂಕಿ ಹತ್ತುತ್ತೆ.

ವಾಲ್ವ್ ಪ್ಲೇಟಿಗೆ ಹೀಗೆ ಮಾಡಿ. ದಪ್ಪ ಗಾಜಿನ ಮೇಲೆ 400 ನಂಬರ್ ಎಮರಿ ಪೇಪರ್ ಹಾಸಿ, ಸ್ವಲ್ಪ ಎಣ್ಣೆ ಬಿಟ್ಟು, ಇಂಗ್ಲಿಷಿನ 8 ಬರೆದ ಹಾಗೆ ಉಜ್ಜಿ. ಮಧ್ಯೆ ಮಧ್ಯೆ ಪ್ಲೇಟ್ ತಿರುಗಿಸಿ. ಕೊನೆಗೆ 1000 ನಂಬರ್. ಪತ್ತಿ ಮಾತ್ರ ಹೊಸದೇ ಹಾಕಿ, ಎರಡೂ ಕಡೆಗೂ. ಹಳೆಯದನ್ನು ಮಗುಚಿ ಹಾಕುವವರಿದ್ದಾರೆ, ಸವೆದ ಜಾಗದಲ್ಲೇ ಅದು ಮತ್ತೆ ಮುರಿಯುತ್ತೆ.

ಗ್ಯಾಸ್ಕೆಟ್ ಬಗ್ಗೆ ಸ್ವಲ್ಪ ನಿಂತು ಕೇಳಿ. ಸುಮ್ನೆ ದಪ್ಪ ಶೀಟ್ ಕತ್ತರಿಸಿ ಹಾಕುವವರು ಜಾಸ್ತಿ. 60 ಎಂಎಂ ಬೋರಿಗೆ 1 ಎಂಎಂ ದಪ್ಪ ಏರಿದರೆ ಮೇಲೆ 2.8 ಸಿಸಿ ಜಾಗ ಏರುತ್ತೆ. ಆ ಜಾಗದ ಗಾಳಿ ಹೊರಗೆ ಹೋಗಲ್ಲ, 8 ಕೆಜಿಯಲ್ಲಿ ಅಲ್ಲೇ ಕೂತಿರುತ್ತೆ. ಪಿಸ್ಟನ್ ಕೆಳಗೆ ಬರುವಾಗ ಅದು ಐದು ಪಟ್ಟಿಗಿಂತ ಜಾಸ್ತಿ ಹಿಗ್ಗಿ 12 ಸಿಸಿಯಷ್ಟು ಹೊಸ ಗಾಳಿಯ ಜಾಗ ನುಂಗುತ್ತೆ. 141ರಲ್ಲಿ 12. ಒಂದು ಎಂಎಂ ರಟ್ಟಿಗೆ ಹನ್ನೆರಡರಲ್ಲಿ ಒಂದು ಪಾಲು ಗಾಳಿ ಹೋಯ್ತಲ್ಲ. ತೀರಾ ತೆಳು ಹಾಕಿದರೆ ಪಿಸ್ಟನ್ ಪ್ಲೇಟಿಗೆ ಬಡಿಯುತ್ತೆ. ಹಳೇ ಗ್ಯಾಸ್ಕೆಟ್ ಎಷ್ಟು ದಪ್ಪವೋ ಅಷ್ಟೇ ಹಾಕಿ. ಅನುಮಾನ ಇದ್ದರೆ ಪಿಸ್ಟನ್ ಮೇಲೆ ಬೆಸುಗೆ ಸೀಸದ ತಂತಿ ತುಂಡು ಇಟ್ಟು, ಹೆಡ್ ಬಿಗಿದು, ಫ್ಲೈವೀಲ್ ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತಂತಿಯ ದಪ್ಪವೇ ಒಳಗಿನ ಅಂತರ.

ಹೊಸ_ಬೆಳಕು · ಗುರುವಾರ ಮಧ್ಯಾಹ್ನ 1:20

ಮಧ್ಯೆ ಕೇಳಿದ್ದಕ್ಕೆ ಕ್ಷಮಿಸಿ. ನಮ್ಮಲ್ಲಿ ಕಂಪ್ರೆಸರಿಗೆ ಬೈಕಿನ ಎಂಜಿನ್ ಆಯಿಲ್ಲೇ ಹಾಕುತ್ತಾರೆ. ತಪ್ಪಾ?

ಹುಬ್ಬಳ್ಳಿ_ಫಿಟ್ಟರ್ · ಗುರುವಾರ ಮಧ್ಯಾಹ್ನ 2:05

ಓಡುತ್ತೆ, ಆದರೆ ಒಳ್ಳೇದಲ್ಲ ತಮ್ಮಾ. ಎಂಜಿನ್ ಆಯಿಲ್‌ನಲ್ಲಿ ಕೊಳೆಯನ್ನು ತನ್ನೊಳಗೆ ಹಿಡಿದಿಡುವ ಮದ್ದು ಬೆರೆಸಿರುತ್ತಾರೆ. ಕಂಪ್ರೆಸರಿನಲ್ಲಿ ನೀರು ಸೇರುವುದು ಜಾಸ್ತಿ, ಆ ಮದ್ದು ನೀರನ್ನೂ ಹಿಡಿದುಕೊಂಡು ಎಣ್ಣೆಯನ್ನು ಹಾಲು ಮಾಡುತ್ತೆ. ಬಿಸಿ ವಾಲ್ವ್ ಮೇಲೆ ಇದ್ದಿಲೂ ಜಾಸ್ತಿ. ಕಂಪ್ರೆಸರ್ ಆಯಿಲ್ ಅಂತಲೇ ಸಿಗುತ್ತೆ, ನಮ್ಮ ಬಿಸಿಲಿಗೆ ವಿಜಿ 100 (ಎಣ್ಣೆ ಎಷ್ಟು ಮಂದ ಅನ್ನುವ ನಂಬರ್) ಸರಿ. ಪಂಪಿನಲ್ಲಿ ಎಣ್ಣೆ ನೋಡುವ ಕಿಟಕಿ ಗಾಜಿನ ಅರ್ಧದವರೆಗೆ ಸಾಕು. ಮೇಲೆ ತುಂಬಿಸಿದರೆ ಕನೆಕ್ಟಿಂಗ್ ರಾಡಿನ ಚಮಚ ಅದನ್ನೆಲ್ಲ ಮೇಲಕ್ಕೆ ಎರಚುತ್ತೆ.

ಕಡಲ_ತೀರ (ಉಡುಪಿ) · ಗುರುವಾರ ರಾತ್ರಿ 9:15

ಎಲ್ಲರೂ ಪಂಪಿನ ಬಗ್ಗೆ ಚೆನ್ನಾಗಿ ಹೇಳಿದ್ದೀರಿ. ಟ್ಯಾಂಕ್ ಯಾವ ವರ್ಷದ್ದು? ಡ್ರೈನ್ ಕಾಕ್‌ನಿಂದ ಏನು ಬಂತು?

ನಮ್ಮ ಕಡೆ ಗಾಳಿಯೇ ಒದ್ದೆ, ಹಾಗಾಗಿ ನನಗೆ ಇದೇ ಮೊದಲ ಯೋಚನೆ. 30 ಡಿಗ್ರಿ ಸೆಕೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 24 ಗ್ರಾಂ ನೀರು ಇರುವುದು ನಮಗೆ ಮಾಮೂಲು. 160 ಲೀಟರ್ ಟ್ಯಾಂಕನ್ನು ಒಮ್ಮೆ ಸೊನ್ನೆಯಿಂದ 8ಕ್ಕೆ ತುಂಬಿದರೆ ಸುಮಾರು 30 ಎಂಎಲ್ ನೀರು ಒಳಗೆ ಬೀಳುತ್ತೆ. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಮೂರು ಮುಚ್ಚಳ. ದಿನಾ ನಾಲ್ಕೈದು ಸಲ ತುಂಬಿಸುವ ಅಂಗಡಿಯಲ್ಲಿ ಡ್ರೈನ್ ತೆಗೆಯದೆ ಬಿಟ್ಟರೆ ವಾರಕ್ಕೆ ಒಂದು ಬಾಟಲಿ ನೀರು ತಳದಲ್ಲಿ ನಿಲ್ಲುತ್ತೆ. ತುಕ್ಕು ಒಳಗಿನಿಂದ ತಿನ್ನುವುದರಿಂದ ಹೊರಗೆ ಪೇಂಟ್ ಚೆನ್ನಾಗೇ ಕಾಣುತ್ತೆ.

ದಯವಿಟ್ಟು ತಳ ನೋಡಿ. ಮುಖ್ಯವಾಗಿ ಕಾಲು ಬೆಸುಗೆ ಹಾಕಿದ ಜಾಗ.

ಕಲ್ಪತರು_ತೋಟ · ಶುಕ್ರವಾರ ಸಂಜೆ 7:00

ಪ್ಲೇಟಿನ ಮೇಲೆ 1994 ಅಂತ ಇದೆ. ಡ್ರೈನ್ ಕಾಕ್ ತೆಗೆದಾಗ ಮೊದಲು ಕೆಂಪು ನೀರು, ಆಮೇಲೆ ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಸರು ಬಂತು. ಅರ್ಧ ಚೊಂಬು.

ಟ್ಯಾಂಕ್ ಅಡ್ಡ ಮಲಗಿಸಿ ತಳ ಒರೆಸಿದೆ. ಹಿಂದಿನ ಕಾಲಿನ ಹತ್ತಿರ ಪೇಂಟ್ ಒಂದು ಗುಳ್ಳೆಯ ಹಾಗೆ ಎದ್ದಿತ್ತು. ಉಗುರಿನಿಂದ ಒತ್ತಿದೆ, ಒಳಗೆ ಒದ್ದೆ. ಕೆರೆದಾಗ ಸೂಜಿಮೊನೆಯಷ್ಟು ಚುಕ್ಕೆ ಕಂಡಿತು. ಅಲ್ಲಿಂದ ನೀರು ಜಿನುಗುತ್ತಿದೆ.

ನಮ್ಮೂರಿನ ವೆಲ್ಡಿಂಗ್‌ನವರಿಗೆ ತೋರಿಸಿದೆ. ಒಂದು ಟಾಕು ಹೊಡೆದರೆ ಮುಗೀತು ಅಂದರು. ಹಾಗೇ ಮಾಡಿಸಲೇ?

ಮಸ್ಕತ್_ಕನ್ನಡಿಗ · ಶುಕ್ರವಾರ ಸಂಜೆ 7:12

ಬೇಡ. ದಯವಿಟ್ಟು ಬೇಡ. ಇದನ್ನು ಓದಿದ ಕೂಡಲೇ ಬರೆಯುತ್ತಿದ್ದೇನೆ.

ನಾನು ಇಲ್ಲಿ ಒಂದು ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೊದಲು ಇದ್ದ ಜಾಗದಲ್ಲಿ ಇದೇ ತರದ ಟ್ಯಾಂಕಿಗೆ ಟಾಕು ಹೊಡೆದಿದ್ದರು. ಐದು ತಿಂಗಳು ಚೆನ್ನಾಗಿ ನಡೆಯಿತು. ಒಂದು ಬೆಳಗ್ಗೆ ನಾವು ಬರುವ ಮೊದಲೇ ಒಡೆಯಿತು. ಬಂದಾಗ ಟ್ಯಾಂಕ್ ಇದ್ದ ಜಾಗದಲ್ಲಿ ಬೋಲ್ಟುಗಳು ಮಾತ್ರ ಇದ್ದವು. ಟ್ಯಾಂಕ್ ಗೋಡೆ ದಾಟಿ ಹೊರಗೆ ಬಿದ್ದಿತ್ತು. ಮೇಲಿನ ಶೀಟು ತೆರೆದ ಡಬ್ಬಿ ಮುಚ್ಚಳದ ಹಾಗೆ ಬಗ್ಗಿತ್ತು. ನಾನು ದಿನಾ ಟೀ ಕುಡಿಯಲು ಕೂರುತ್ತಿದ್ದ ಸ್ಟೂಲು ಅಲ್ಲೇ ಇತ್ತು. ಯಾರೂ ಇರಲಿಲ್ಲ ಅನ್ನುವುದಷ್ಟೇ ಸಮಾಧಾನ.

ಪೀಣ್ಯ_ನೈಟ್‌ಶಿಫ್ಟ್ · ಶುಕ್ರವಾರ ರಾತ್ರಿ 8:40

ನಾನೂ ಅದನ್ನೇ ಹೇಳುತ್ತೇನೆ. 160 ಲೀಟರ್ ಟ್ಯಾಂಕಿನಲ್ಲಿ 8 ಕೆಜಿ ಗಾಳಿ ಒಮ್ಮೆಗೇ ಬಿಡುಗಡೆಯಾದರೆ ಹೊರಬರುವ ಶಕ್ತಿ ಸುಮಾರು 1.6 ಲಕ್ಷ ಜೂಲ್. ಒಂದು ಟನ್ ಭಾರವನ್ನು ಐದು ಮಹಡಿ ಮೇಲಿನಿಂದ ಬೀಳಿಸಿದಷ್ಟು. ನೀವು ಟೈರಿಗೆ ಗಾಳಿ ಹಿಡಿಯುವಾಗ ಅದು ನಿಮ್ಮ ಮೊಣಕಾಲಿನ ಪಕ್ಕ ಇರುತ್ತೆ.

ಸೂಜಿಮೊನೆ ತೂತು ಒಂದೇ ಕಾಣುತ್ತಿದೆ, ಆದರೆ ಅದರ ಸುತ್ತ ಒಂದು ಕೈಯಗಲ ತಗಡು ತೆಳುವಾಗಿದೆ ಅಂತ ಅರ್ಥ. ತೆಳು ತಗಡಿಗೆ ವೆಲ್ಡಿಂಗ್ ಬಿಸಿ ತಾಗಿದರೆ ಪಕ್ಕದ ಜಾಗ ಇನ್ನೂ ಸೋಲುತ್ತೆ. ಒಳಗೆ ಎಣ್ಣೆ ಅಂಟಿದೆ, ವೆಲ್ಡಿಂಗ್ ಹೊಡೆಯುವಾಗಲೇ ಅದಕ್ಕೆ ಬೆಂಕಿ ಹತ್ತಬಹುದು. ಎಂ‌ಸೀಲ್ ಮೆತ್ತುವುದು, ಒಳಗೆ ಪೇಂಟ್ ಸುರಿಯುವುದು ಇವೆಲ್ಲ ತೂತನ್ನು ಕಣ್ಣಿಗೆ ಮರೆ ಮಾಡುತ್ತವೆ ಅಷ್ಟೇ.

ಸೇಫ್ಟಿ ವಾಲ್ವ್ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಅದು ಪ್ರೆಷರ್ ಏರಿದಾಗ ಕಾಪಾಡುತ್ತೆ. ಸೋತ ತಗಡು ಮಾಮೂಲಿ ಪ್ರೆಷರಿನಲ್ಲೇ ಬಿರಿಯುತ್ತೆ, ಆಗ ಸೇಫ್ಟಿ ವಾಲ್ವ್‌ಗೆ ಗೊತ್ತೇ ಆಗಲ್ಲ.

ಪಂಪಿನಲ್ಲಿ ಏನೇ ಸವೆದರೂ ರಿಪೇರಿ ಮಾಡೋಣ, ಎಷ್ಟು ಸಲ ಬೇಕಾದರೂ ಕೂತು ಹೇಳಿಕೊಡುತ್ತೇನೆ. ಟ್ಯಾಂಕಿಗೆ ಮಾತ್ರ ರಿಪೇರಿ ಇಲ್ಲ.

ಗ್ರಿಲ್_ಹಾಸನ · ಶುಕ್ರವಾರ ರಾತ್ರಿ 9:30

ನಾನು ವೆಲ್ಡಿಂಗ್ ಕೆಲಸವನ್ನೇ ಮಾಡುವವನು. ಇದನ್ನು ಓದಿ ಹೋಗಿ ನನ್ನ ಟ್ಯಾಂಕಿನ ತಳ ನೋಡಿ ಬಂದೆ. ಸದ್ಯ ಸರಿ ಇದೆ. ಪುಲ್ಲಿ ನಾಳೆಯೇ ವಾಪಸ್ 5 ಇಂಚು ಹಾಕುತ್ತೇನೆ. ತಿಪಟೂರು ಅಣ್ಣಾ, ನಾನು ಗೇಟಿಗೆ ಟಾಕು ಹೊಡೆಯುತ್ತೇನೆ, ಇಂಥದ್ದಕ್ಕೆ ಹೊಡೆಯಲ್ಲ. ನೀವೂ ಹೊಡೆಸಬೇಡಿ.

ಕಲ್ಪತರು_ತೋಟ · ಶನಿವಾರ ಬೆಳಗ್ಗೆ 6:20

ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಮಗ ಸೈಕಲ್ಲಿಗೆ ಗಾಳಿ ಹಾಕಲು ಅದರ ಪಕ್ಕದಲ್ಲೇ ಕೂರುತ್ತಾನೆ. ಹೋದ ವಾರವೂ ಕೂತಿದ್ದ.

ಅಪ್ಪನಿಗೆ ಹೇಳಿದೆ. ಟ್ಯಾಂಕ್ ಹೋಗಲಿ, ಪಂಪು ಉಳಿಸು ಅಂದರು. ತೀರ್ಮಾನ ಆಯ್ತು. ಹೊಸ ಟ್ಯಾಂಕ್ ತಗೊಳ್ಳುವಾಗ ಏನು ನೋಡಬೇಕು?

ಪೀಣ್ಯ_ನೈಟ್‌ಶಿಫ್ಟ್ · ಶನಿವಾರ ಬೆಳಗ್ಗೆ 8:00

ಸೆಕೆಂಡ್ ಹ್ಯಾಂಡ್ ಬೇಡ. ನೀರಿನ ಟೆಸ್ಟ್ ಆದ ಸರ್ಟಿಫಿಕೇಟ್ ಕೇಳಿ. ಕೆಲಸದ ಪ್ರೆಷರಿಗಿಂತ ಜಾಸ್ತಿ ಪ್ರೆಷರಿನಲ್ಲಿ ನೀರು ತುಂಬಿ ಪರೀಕ್ಷೆ ಮಾಡಿರುತ್ತಾರೆ. ಗಾಳಿ ಬದಲು ನೀರೇ ಯಾಕೆ ಅಂದರೆ, ನೀರು ಕುಗ್ಗಲ್ಲ. ಟ್ಯಾಂಕ್ ಬಿರಿದರೂ ನೀರು ಚೆಲ್ಲುತ್ತೆ, ಸಿಡಿಯಲ್ಲ. ಪ್ಲೇಟಿನ ಮೇಲೆ ಕೆಲಸದ ಪ್ರೆಷರ್, ಟೆಸ್ಟ್ ಪ್ರೆಷರ್, ವರ್ಷ ಮೂರೂ ಕೆತ್ತಿರಬೇಕು. ಹಳೇ ಸೇಫ್ಟಿ ವಾಲ್ವ್ ತಂದು ಹೊಸ ಟ್ಯಾಂಕಿಗೆ ಹಾಕಬೇಡಿ, ಅದೂ ಹೊಸದೇ ಇರಲಿ.

ಕೂರಿಸುವಾಗ ಕಾಲಿನ ಕೆಳಗೆ ರಬ್ಬರ್ ಇಡಿ. ಕಾಂಕ್ರೀಟಿಗೆ ಬೋಲ್ಟ್ ಹಾಕಿ ಬಿಗಿದರೆ ಪಂಪಿನ ಅದುರೆಲ್ಲ ಕಾಲಿನ ಬೆಸುಗೆಗೆ ಹೋಗಿ ಅಲ್ಲಿ ಸೀಳು ಬರುತ್ತೆ.

ಕಡಲ_ತೀರ · ಶನಿವಾರ ಬೆಳಗ್ಗೆ 8:50

ಖರ್ಚು ಮಾಡುವುದೇ ಆದರೆ ಅಪ್‌ಗ್ರೇಡ್‌ಗೆ ನನ್ನದು ಎರಡೇ ಸಲಹೆ. ಒಂದು, ಡ್ರೈನ್ ಕಾಕ್ ಜಾಗದಲ್ಲಿ ಒಂದು ಎಲ್ಬೋ, ಒಂದಡಿ ಪ್ರೆಷರ್ ಪೈಪು, ತುದಿಯಲ್ಲಿ ಬಾಲ್ ವಾಲ್ವ್ ಹಾಕಿ ಮುಂದಕ್ಕೆ ತನ್ನಿ. ಬಗ್ಗಿ ತಡಕಾಡಬೇಕಾದ ಜಾಗದಲ್ಲಿ ಇದ್ದರೆ ಯಾರೂ ತೆಗೆಯಲ್ಲ. ಕೈಗೆ ಸಿಗುವ ಹಾಗೆ ಇದ್ದರೆ ದಿನಾ ತೆಗೆಯುತ್ತೀರಿ. ಎರಡು, ಹೆಡ್‌ನಿಂದ ಟ್ಯಾಂಕಿಗೆ ಹೋಗುವ ಪೈಪನ್ನು ಉದ್ದ ಮಾಡಿ, ರೆಕ್ಕೆ ಇರುವ ತಾಮ್ರದ ಪೈಪು ಹಾಕಿ. ಹೆಡ್‌ನಿಂದ ಬರುವ ಗಾಳಿ 150 ಡಿಗ್ರಿ ದಾಟಿರುತ್ತೆ. ಅದು ತಣ್ಣಗಾಗಿ ಬಂದರೆ ಎನ್‌ಆರ್‌ವಿಯ ಬಿಲ್ಲೆ ಸುಡಲ್ಲ.

ಗೋಡೆ ಮೇಲೆ ಲೈನ್ ಎಳೆಯುವುದಿದ್ದರೆ ನೀರಿನ ಪಿವಿಸಿ ಪೈಪ್ ಮಾತ್ರ ಬೇಡ. ಒಡೆದರೆ ಗಾಜಿನ ಚೂರಿನ ಹಾಗೆ ಹಾರುತ್ತೆ.

ಗ್ರಿಲ್_ಹಾಸನ · ಶನಿವಾರ ಬೆಳಗ್ಗೆ 9:30

ಪೇಂಟ್ ಮಾಡುವಾಗ ಗುಳಿ ಗುಳಿ ಬೀಳುತ್ತೆ, ನೀರಿನ ಫಿಲ್ಟರ್ ಹಾಕಿದ್ದೇನೆ, ಆದರೂ ಹಾಗೇ. ಯಾಕೆ?

ಕಡಲ_ತೀರ · ಶನಿವಾರ ಬೆಳಗ್ಗೆ 9:55

ಟ್ಯಾಂಕಿನ ಬಾಯಲ್ಲೇ ಹಾಕಿದ್ದೀರಾ? ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗೇ ಫಿಲ್ಟರ್ ದಾಟಿ ಹೋಗುತ್ತೆ. ಏಳೆಂಟು ಮೀಟರ್ ಪೈಪು ದಾಟಿ ತಣ್ಣಗಾದ ಮೇಲೆ, ಪೇಂಟ್ ಗನ್ ಹತ್ತಿರ ಹಾಕಿ ನೋಡಿ.

ಕಲ್ಪತರು_ತೋಟ · ಎರಡು ವಾರದ ನಂತರ, ಭಾನುವಾರ ರಾತ್ರಿ 8:15

ಎಲ್ಲ ಜೋಡಿಸಿದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ರಿಂಗು, ಪತ್ತಿ, ಗ್ಯಾಸ್ಕೆಟ್ ಸೆಟ್, ಎನ್‌ಆರ್‌ವಿ ಎಲ್ಲ ಸಿಕ್ಕಿತು. ಹಳೇ ಪತ್ತಿ, ಹಳೇ ರಿಂಗು ಕೈಯಲ್ಲೇ ಇಟ್ಟುಕೊಂಡು ಹೋಗಿದ್ದೆ. ಅಳತೆ ನೋಡಿ ಕೊಟ್ಟರು. ಹೋನಿಂಗ್ ತಿಪಟೂರಿನಲ್ಲೇ ಆಯ್ತು.

ರಿಂಗಿನ ಬಾಯಿ ಹೊಸದರಲ್ಲಿ 0.25 ಬಂತು. ಮೂರೂ ರಿಂಗಿನ ಬಾಯಿ ಒಂದೇ ನೇರಕ್ಕೆ ಬರದ ಹಾಗೆ ಮೂರು ಕಡೆಗೆ ತಿರುಗಿಸಿದೆ. ಹೆಡ್ ಬೋಲ್ಟುಗಳನ್ನು ಎದುರು ಬದುರು ಹಿಡಿದು ಮೂರು ಸುತ್ತಿನಲ್ಲಿ ಬಿಗಿದೆ. ಮೊದಲ ಅರ್ಧ ಗಂಟೆ ಡ್ರೈನ್ ತೆಗೆದಿಟ್ಟು ಗಾಳಿ ಕಟ್ಟದ ಹಾಗೆ ಓಡಿಸಿದೆ. ತಣ್ಣಗಾದ ಮೇಲೆ ಇನ್ನೊಮ್ಮೆ ಬೋಲ್ಟ್ ನೋಡಿದೆ, ಎರಡು ಸ್ವಲ್ಪ ಸಡಿಲವಾಗಿದ್ದವು.

ಒಂದು ಎಡವಟ್ಟಾಯ್ತು. ಕಂಡೆನ್ಸರ್ ಬದಲಿಸುವಾಗ ವೈರ್ ಬಿಚ್ಚಿದ್ದೆ, ಮೋಟರ್ ಉಲ್ಟಾ ತಿರುಗಿತು. ಗಾಳಿ ಬರುತ್ತಿತ್ತು, ಹಾಗಾಗಿ ಗೊತ್ತಾಗಲಿಲ್ಲ. ಹೆಡ್ ಜಾಸ್ತಿ ಬಿಸಿಯಾದಾಗ ಅಪ್ಪ ಬಂದು ಫ್ಲೈವೀಲ್ ಹತ್ತಿರ ಕೈ ಹಿಡಿದು, ಗಾಳಿ ಆ ಕಡೆಗೆ ಹೋಗ್ತಿದೆಯಲ್ಲೋ ಅಂದರು.

ವೈಂಡಿಂಗ್_ಗುರು · ಭಾನುವಾರ ರಾತ್ರಿ 8:50

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಆ ಫ್ಲೈವೀಲಿನ ಕಡ್ಡಿಗಳೇ ಫ್ಯಾನ್. ಅದು ಸಿಲಿಂಡರಿನ ಕಡೆ ಊದಬೇಕು. ಸ್ಟಾರ್ಟಿಂಗ್ ಕಾಯಿಲಿನ ಎರಡು ತುದಿ ಅದಲು ಬದಲು ಮಾಡಿದರೆ ಸರಿ ಹೋಗುತ್ತೆ.

ಕಲ್ಪತರು_ತೋಟ · ಭಾನುವಾರ ರಾತ್ರಿ 9:20

ಹೌದು ಗುರುಗಳೇ, ಹಾಗೇ ಮಾಡಿದೆವು.

ಈಗ ಸೊನ್ನೆಯಿಂದ 8 ಕೆಜಿಗೆ 8 ನಿಮಿಷ 20 ಸೆಕೆಂಡು. ಗಡಿಯಾರ ಹಿಡಿದದ್ದು ಮಗ. ಮೋಟರ್ ನಿಂತಾಗ ಪುಸ್ ಅಂದು ಎರಡೇ ಸೆಕೆಂಡಿಗೆ ನಿಂತಿತು. ರಾತ್ರಿ 8 ಕೆಜಿ ಬಿಟ್ಟು ಮಲಗಿದ್ದೆ, ಬೆಳಗ್ಗೆ ಗೇಜಿನ ಮುಳ್ಳು 7.8ರಲ್ಲಿತ್ತು. ಟ್ಯಾಂಕಿನಲ್ಲಿ 5 ಕೆಜಿ ಇದ್ದಾಗ ಸ್ವಿಚ್ ಹಾಕಿದರೂ ಮೋಟರ್ ತಡವರಿಸದೆ ಎತ್ತುತ್ತೆ. 4 ಸ್ಕ್ವೇರ್ ವೈರ್ ಎಳೆದೆ, ಗಾರ್ಡ್ ಹಾಕಿಸಿದೆ. ಡ್ರೈನ್ ವಾಲ್ವ್ ಮುಂದೆ ಬಂದಿದೆ, ಅದು ಮಗನ ಜವಾಬ್ದಾರಿ.

ಹಳೇ ಟ್ಯಾಂಕನ್ನು ಗುಜರಿಯವರು ಕೇಳಿದರು. ಹಾಗೇ ಕೊಟ್ಟರೆ ಯಾರಾದರೂ ಟಾಕು ಹೊಡೆಸಿ ಮತ್ತೆ ಬಳಸಬಹುದು ಅನ್ನಿಸಿತು. ಒಳಗಿನ ಎಣ್ಣೆ ಕೆಸರನ್ನೆಲ್ಲ ತೊಳೆದು, ನೀರು ತುಂಬಿಸಿ, ಡ್ರಿಲ್ ಮಷಿನ್‌ನಲ್ಲಿ ಮೈತುಂಬ ತೂತು ಕೊರೆದೆ. ಮೇಲ್ಭಾಗದಲ್ಲಿ ಕೊರೆಯಲು ಹೊತ್ತು ಹಿಡಿಯಿತು, ತಗಡು ಗಟ್ಟಿ ಇತ್ತು. ತಳದಲ್ಲಿ ಡ್ರಿಲ್ ಇಟ್ಟು ಒತ್ತುವಷ್ಟರಲ್ಲಿ ಅದರ ಮೊನೆ ಒಳಗೆ ಹೋಗಿಬಿಟ್ಟಿತು. ಅಪ್ಪ ಅಲ್ಲೇ ನಿಂತು ನೋಡುತ್ತಿದ್ದರು. ನೀರು ಹರಿದು ಮುಗಿಯುವವರೆಗೂ ನಿಂತಿದ್ದು, ಹೆಸರಿನ ಪ್ಲೇಟನ್ನು ಬಿಚ್ಚಿ ಇಟ್ಟುಕೊಂಡರು.